ಹರಿಯುವ ನೀರಿಗೆ ಬಿಡಬೇಕಿದ್ದ ಪಚ್ಚೆ

ಮೂವತ್ತೊಂದು ವರ್ಷ ನಾನು ಶಿಡ್ಲಘಟ್ಟದ ಹತ್ತಿರ ರೈತರಿಗೆ ರೇಷ್ಮೆಹುಳುವಿನ ಮೊಟ್ಟೆ ಕೊಡುವ ಒಂದು ಬಿತ್ತನೆ ಕೋಠಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕೆಲಸ ಮಾಡಿದೆ. ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಪಿಂಗಾಣಿ ಒರಳಿನಲ್ಲಿ ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಅದರಲ್ಲಿ ಗಂಟುರೋಗದ ಕಣ ಇದೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಕಣ ಅಂದರೆ ಅಂಡಾಕಾರದ, ಹೊಳೆಯುವ ಒಂದು ಚುಕ್ಕೆ. ಒಂದೇ ಒಂದು ಕಂಡರೂ ಆ ಚಿಟ್ಟೆಯ ಮೊಟ್ಟೆಯೆಲ್ಲ ಬೆಂಕಿಗೆ. ‘ಇರಲಿ, ನೋಡೋಣ’ ಎನ್ನುವ ಮಾತು ಅಲ್ಲಿ ಇರಲಿಲ್ಲ. ಬಿಟ್ಟರೆ ಯಾರದೋ ಮನೆಯಲ್ಲಿ ತಟ್ಟೆ ತಟ್ಟೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತವೆ.

ಹಾಗಾಗಿ ಚುಕ್ಕೆ ಕಂಡರೆ ರೋಗ, ಶುಭ್ರವಾಗಿದ್ದರೆ ಆರೋಗ್ಯ ಎಂದು ನನ್ನ ಕಣ್ಣಿಗೆ ರೂಢಿಯಾಗಿಬಿಟ್ಟಿತ್ತು. ಆ ಕಣ್ಣಿನಿಂದಲೇ ಒಂದು ದಿನ ನನ್ನ ಅಕ್ಕನ ಉಂಗುರದ ಪಚ್ಚೆಯನ್ನು ನೋಡಿದೆ. ಹನ್ನೆರಡು ವರ್ಷವಾಯಿತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಚಿಂತಾಮಣಿಗೆ ಮದುವೆಯಾಗಿ ಹೋದವಳು. ಭಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉಂಗುರ ಅವಳ ಅತ್ತೆಯದು. ಅತ್ತೆಗೆ ಅವರ ತಾಯಿಯಿಂದ ಬಂದದ್ದಂತೆ, ಅದರ ಹಿಂದಿನದು ಯಾರಿಗೂ ಗೊತ್ತಿಲ್ಲ. ಅವರೆಕಾಳಿಗಿಂತ ಸ್ವಲ್ಪ ಚಿಕ್ಕ ಹರಳು, ಮೂಲೆ ಕತ್ತರಿಸಿದ ಚೌಕ. ಕಲ್ಲು ಚರ್ಮಕ್ಕೆ ತಾಗಬೇಕೆಂದು ಕೆಳಗೆ ಚಿನ್ನವಿಲ್ಲದೆ ತೆರೆದೇ ಕೂರಿಸಿದ್ದರು. ಪಚ್ಚೆ ಬುಧನ ಕಲ್ಲು, ಕಿರುಬೆರಳಿಗೇ ಹಾಕಬೇಕು. ಮಾತು, ಲೆಕ್ಕ, ವಿದ್ಯೆ ಮೂರೂ ಅವನ ಕೈಯಲ್ಲಿ. ಮೇಷ್ಟ್ರ ಮನೆಗೆ ಇದಕ್ಕಿಂತ ಒಪ್ಪುವ ಕಲ್ಲು ಯಾವುದಿದೆ ಎಂದು ಅತ್ತೆ ಹೇಳುತ್ತಿದ್ದರಂತೆ. ನಮ್ಮ ತಾಯಿಗೆ ಬೇರೊಂದು ಕತೆ ಗೊತ್ತಿತ್ತು. ಸತ್ತ ರಾಕ್ಷಸನ ಪಿತ್ತವನ್ನು ಒಂದು ಹಾವು ಕಚ್ಚಿಕೊಂಡು ಆಕಾಶದಲ್ಲಿ ಓಡುತ್ತಿತ್ತಂತೆ. ಮೇಲಿನಿಂದ ಹದ್ದು ಎರಗಿದಾಗ ಹಾವು ಬಾಯಿ ಬಿಟ್ಟಿತು, ಪಿತ್ತ ಬಿದ್ದಲ್ಲೆಲ್ಲ ಪಚ್ಚೆ ಹುಟ್ಟಿತು. ಅದಕ್ಕೇ ಪಚ್ಚೆ ಇರುವ ಕೈಗೆ ವಿಷ ಏರುವುದಿಲ್ಲ ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಕೇಳಿದಾಗ ನನಗೆ ಭಯವಾಗುತ್ತಿದ್ದದ್ದು ಹಾವಿನದಲ್ಲ, ಅಷ್ಟು ಚೆಂದದ ಹಸಿರು ಸತ್ತವನ ಹೊಟ್ಟೆಯೊಳಗಿಂದ ಬಂತು ಎನ್ನುವುದರದು.

ಅಕ್ಕ ಆ ಉಂಗುರವನ್ನು ಹದಿನಾಲ್ಕು ವರ್ಷ ಹಾಕಿಕೊಂಡಿದ್ದಳು. ಆಮೇಲೆ ಭಾವನಿಗೆ ಕಾಯಿಲೆ ಶುರುವಾಯಿತು. ಸಕ್ಕರೆ ಕಾಯಿಲೆ ಹಳೆಯದು. ಈಗ ಎರಡು ಕಿಡ್ನಿಯೂ ಸೋತಿವೆ ಎಂದು ಡಾಕ್ಟರು ಹೇಳಿದರು. ಮುಖ ಊದಿತು, ಕಾಲು ಊದಿತು, ಶಾಲೆಗೆ ಹೋಗುವುದು ನಿಂತಿತು. ಪಕ್ಕದ ಮನೆಯಲ್ಲಿ ಒಬ್ಬ ತೆಲುಗು ಅಜ್ಜಿ ಇದ್ದರು. ಅಕ್ಕನ ಕೈ ಹಿಡಿದು ಉಂಗುರವನ್ನು ಬಿಸಿಲಿಗೆ ತಿರುಗಿಸಿ, “ರಾಯಿಲೋ ಏದೋ ಉಂದಮ್ಮಾ,” ಎಂದರಂತೆ. ಕಲ್ಲಿನಲ್ಲಿ ಏನೋ ಇದೆ ಎಂದು. ದೋಷದ ಪಚ್ಚೆ ಹೆಂಡತಿಯ ಕೈಯಲ್ಲಿದ್ದರೆ ಗಂಡನನ್ನು ಒಳಗಿಂದ ತಿನ್ನುತ್ತದೆ ಎಂದೂ ಹೇಳಿದರಂತೆ.

ಮಾರನೇ ದಿನವೇ ಅಕ್ಕ ಬಸ್ಸು ಹತ್ತಿ ನಾನಿದ್ದ ಕೋಠಿಗೆ ಬಂದಳು.

“ನೀನು ದಿನಾ ನೋಡ್ತೀಯಲ್ಲ, ಇದನ್ನೂ ಒಂದ್ಸಲ ನೋಡಿಬಿಡೇ.”

“ಅದು ಚಿಟ್ಟೆ ನೋಡೋಕಿರೋದು ಕಣೇ ಅಕ್ಕ. ಕಲ್ಲು ನೋಡೋಕಲ್ಲ.”

“ಚಿಟ್ಟೆಗಿಂತ ನಿಮ್ಮ ಭಾವ ಕಡಿಮೆಯೇನೇ?”

ಕೆಲಸದ ಹೊತ್ತಿನಲ್ಲಿ ಸ್ವಂತದ್ದು ಕೂಡದು ಎಂದು ಅವಳನ್ನು ಊಟದ ಗಂಟೆಯವರೆಗೆ ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಕೊಳೆಯಾದದ್ದು ಯಾವುದೂ ಲೆನ್ಸಿನ ಕೆಳಗೆ ಹೋಗಬಾರದು. ಅದು ನನ್ನ ನಿಯಮ. ಉಂಗುರವನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದೆ. ಆಮೇಲೆ ಒಂದು ಗಾಜಿನ ಬಟ್ಟಲಿನಲ್ಲಿ ಸ್ಪಿರಿಟ್ ಹಾಕಿ, ನಾವಿಬ್ಬರೂ ಊಟ ಮುಗಿಸುವವರೆಗೆ ಅದರಲ್ಲಿ ಮುಳುಗಿಸಿಟ್ಟೆ. ತೆಗೆದು ಹತ್ತಿಯಿಂದ ಒರೆಸಿದಾಗ ಹತ್ತಿಗೆ ಸ್ವಲ್ಪ ಜಿಡ್ಡು ಹತ್ತಿತು. ಒಗ್ಗರಣೆಯ ಎಣ್ಣೆ ಇರಬೇಕು ಅಂದುಕೊಂಡೆ.

ಕಡಿಮೆ ಶಕ್ತಿಯ ಲೆನ್ಸು ಹಾಕಿ, ಕೆಳಗಿನ ಕನ್ನಡಿಯಿಂದ ಬೆಳಕು ಬಿಟ್ಟು, ಕಣ್ಣಿಟ್ಟೆ.

ಆ ನೋಟ ಇವತ್ತಿಗೂ ಹೋಗಿಲ್ಲ. ಕಲ್ಲು ಇರಲಿಲ್ಲ ಅಲ್ಲಿ; ಒಂದು ಜಾಗ ಇತ್ತು. ನೀರೊಳಗೆ ಮುಳುಗಿಹೋದ ಹಿತ್ತಲಿನ ಹಾಗೆ. ಪಾಚಿ, ಮುರಿದ ಕೊಂಬೆಗಳಂಥವು, ಒಂದರ ಮೇಲೊಂದು ಬಿದ್ದ ತೆರೆಗಳು, ಅವುಗಳ ನಡುವೆ ಬಿಳಿ ನೂಲಿನಂಥ ಬಿರುಕು, ಬಿರುಕಿನ ಉದ್ದಕ್ಕೂ ಹೊಳೆಯುವ ಚುಕ್ಕೆಗಳು. ಯಾರೋ ಇದ್ದು, ಈಗಷ್ಟೇ ಎದ್ದು ಹೋದ ಜಾಗದಂತೆ ಅನ್ನಿಸಿತು. ಚುಕ್ಕೆ ಎಣಿಸಲು ಹೋದೆ, ಎಣಿಕೆಗೆ ಸಿಗಲಿಲ್ಲ.

“ಏನೇ? ಏನು ಕಾಣ್ತು?”

“ಇದು ಆಗಲ್ಲ.”

“ಆಗಲ್ಲ ಅಂದ್ರೆ?”

“ದೋಷ ಇದೆ. ಒಂದೆರಡಲ್ಲ, ಪೂರ್ತಿ ಇದೆ. ನಮ್ಮಲ್ಲಿ ಆಗಿದ್ರೆ ಸುಟ್ಟುಬಿಡ್ತಿದ್ವಿ.”

ಈ ಮಾತನ್ನು ನಾನು ಆಡಿದ ರೀತಿ ನೆನಪಿದೆ. ಎದ್ದು ಕನ್ನಡಿಯ ಮುಂದಿನ ದೀಪ ಆರಿಸುತ್ತಾ, ಅವಳ ಮುಖ ನೋಡದೆ, ದಿನವೂ ಹತ್ತಾರು ಸಲ ಆಡುವ ದನಿಯಲ್ಲೇ ಆಡಿದೆ. ತಿರುಗಿ ನೋಡಿದಾಗ ಅಕ್ಕ ತನ್ನ ಬರಿಯ ಕಿರುಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಿದ್ದಳು. ಉಂಗುರ ಕೊಟ್ಟೆ. ಬೆರಳಿಗೆ ಹಾಕಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡಳು.

ಚಿಂತಾಮಣಿಯಲ್ಲಿ ಅಕ್ಕಸಾಲಿಗರೊಬ್ಬರು ಹಳೇ ಕಲ್ಲನ್ನು ಬಿಡಿಸಿ, ಒಂದು ಚುಕ್ಕೆಯೂ ಇಲ್ಲದ ಹೊಸ ಹಸಿರು ಕಲ್ಲು ಕೂರಿಸಿಕೊಟ್ಟರು. ಬಿಡಿಸಿದ ಕಲ್ಲನ್ನು ಅಕ್ಕ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

“ಇಂಥದ್ದು ಮನೇಲಿ ಇರಬಾರದಂತೆ. ಹರಿಯೋ ನೀರಿಗೆ ಬಿಟ್ಬಿಡು. ನಿಂತ ನೀರಿಗಲ್ಲ, ಹರಿಯೋದಕ್ಕೇ. ನಾನು ಇವರನ್ನ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ ಕಣೇ.”

“ಬಿಡ್ತೀನಿ,” ಅಂದೆ.

ಕಲ್ಲು ಬದಲಾಯಿಸಿದ ಐವತ್ತನೇ ದಿನ ಭಾವ ತೀರಿಕೊಂಡರು.

ಹದಿಮೂರನೇ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ನಾನೂ ಅಕ್ಕನೂ ಹಿತ್ತಲ ಕಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದೆವು. ಅವಳು ಕೈ ನಿಲ್ಲಿಸಿ ಹೇಳಿದಳು: “ಹದಿನಾಲ್ಕು ವರ್ಷ ನನ್ನ ಕೈಯಲ್ಲೇ ಇತ್ತು. ಈ ಕೈಯಲ್ಲೇ ಅನ್ನ ಹಾಕಿದೆ, ಈ ಕೈಯಲ್ಲೇ ಮಾತ್ರೆ ಕೊಟ್ಟೆ. ನಾನೇ ಅವರನ್ನ ತಿಂದ್ಕೊಂಡೆ.”

“ಹುಚ್ಚು ಹುಚ್ಚಾಗಿ ಆಡಬೇಡ. ಕಿಡ್ನಿ ಹೋಗಿತ್ತು.”

“ಕಿಡ್ನಿ ಯಾಕೆ ಹೋಯ್ತು?”

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಸಕ್ಕರೆ ಕಾಯಿಲೆ. ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಆ ದಿನದಿಂದ ಅಕ್ಕ ತನ್ನ ಕೈಯನ್ನು ಯಾರ ಕೈಗೂ ತಾಗಿಸುವುದಿಲ್ಲ. ಕಾಫಿ ಕೊಡುವಾಗ ಲೋಟವನ್ನು ನೆಲದ ಮೇಲೆ ಇಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ನಾವು ಬಗ್ಗಿ ತೆಗೆದುಕೊಳ್ಳಬೇಕು. ಮಗಳಿಗೆ ಮದುವೆಯಾದಾಗ ಅಕ್ಷತೆ ಹಾಕಲಿಲ್ಲ. ಪಕ್ಕದ ಮನೆಗಳಲ್ಲಿ ಕೂಸು ಹುಟ್ಟಿದರೆ ದೂರದಿಂದ ನೋಡಿ ಬರುತ್ತಾಳೆ. ಕಲ್ಲು ಬದಲಾಯಿಸಿದ ಉಂಗುರವನ್ನು ಮಾತ್ರ ತೆಗೆಯಲಿಲ್ಲ. ಕೈಗೆ ಕಾವಲು ಇರಲಿ ಎಂದು ಹಾಕಿಕೊಂಡಿದ್ದೀನಿ ಅಂದಳು. ನೋಡಿದವರು ವಯಸ್ಸಾದವಳ ಮಡಿ ಅಂದುಕೊಂಡರು. ನನಗೆ ಗೊತ್ತಿತ್ತು, ಅದು ನನ್ನ ಒಂದು ಮಾತಿನ ಫಲ. ಆದರೂ ಆಗ ನನ್ನ ಮಾತು ತಪ್ಪೆಂದು ನನಗೆ ಅನ್ನಿಸಿರಲಿಲ್ಲ. ಚುಕ್ಕೆ ಇತ್ತು, ಇದೆ ಅಂದೆ. ಅದಕ್ಕೂ ಭಾವನ ಸಾವಿಗೂ ಸಂಬಂಧ ಕಟ್ಟಿದ್ದು ಅವಳು, ನಾನಲ್ಲ. ಹೀಗೆ ಹೇಳಿಕೊಂಡು ಹನ್ನೊಂದು ವರ್ಷ ಕಳೆದೆ.

ಕಲ್ಲು ನನ್ನಲ್ಲೇ ಉಳಿಯಿತು. ಉಳಿಸಿಕೊಳ್ಳುವ ಆಸೆಯಿಂದಲ್ಲ. ಹರಿಯುವ ನೀರಿಗೆ ಬಿಡಬೇಕು ಅಂದಿದ್ದಳು, ನಮ್ಮ ಕಡೆ ಹರಿಯುವ ನೀರೇ ಇರಲಿಲ್ಲ. ಕೆರೆಗಳುಂಟು, ಬಾವಿಗಳುಂಟು, ಕೈವಾರದಲ್ಲಿ ಕಲ್ಯಾಣಿ ಉಂಟು. ಎಲ್ಲವೂ ನಿಂತ ನೀರು. ನದಿಗಳ ಹೆಸರು ಕೇಳಿದರೆ ಬಾಯ್ತುಂಬ ಹೇಳುತ್ತೇವೆ. ಹೋಗಿ ನೋಡಿದರೆ ಮರಳು, ಜಾಲಿ, ಅದರಲ್ಲಿ ಆಡು. “ಯಾವುದಾದ್ರೂ ಕೆರೆಗೆ ಎಸೆದುಬಿಡ್ರಿ ಮೇಡಂ,” ಎಂದು ಜೊತೆಯವರೊಬ್ಬರು ನಕ್ಕರು. ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಆಗಬಾರದು. ಖಾಲಿ ಸ್ಲೈಡಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಕಲ್ಲನ್ನಿಟ್ಟೆ, ‘ಬಾಕಿ’ ಎಂದು ಚೀಟಿ ಅಂಟಿಸಿದೆ, ಬೀರುವಿನ ಮೇಲಿನ ಅರೆಯಲ್ಲಿಟ್ಟೆ. ಒಂದು ವರ್ಷ ಗೌರಿಬಿದನೂರಿನಲ್ಲಿ ಹೊಳೆ ಹರಿಯಿತಂತೆ. ಆಗ ನಾನು ಕಾಲು ಮುರಿದುಕೊಂಡು ಮಂಚದ ಮೇಲಿದ್ದೆ. ಎದ್ದು ಓಡಾಡುವ ಹೊತ್ತಿಗೆ ಮತ್ತೆ ಮರಳು.

ನಿವೃತ್ತಿಯಾದ ಮೇಲೂ ನನ್ನ ದಿನ ಬದಲಾಗಲಿಲ್ಲ. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಒಂದಕ್ಕೆ ಊಟ. ತಿಂಗಳಿಗೊಮ್ಮೆ ಬೀರು ಖಾಲಿ ಮಾಡಿ ಒರೆಸುವಾಗ ಆ ಪೆಟ್ಟಿಗೆ ಕೈಗೆ ಬರುತ್ತಿತ್ತು. ತೆರೆಯುತ್ತಿರಲಿಲ್ಲ. ತೆರೆಯದಿದ್ದರೂ ಆ ಮುಳುಗಿದ ಹಿತ್ತಲು ಕಣ್ಣ ಮುಂದೆ ಬರುತ್ತಿತ್ತು. ಬಿಸಿಲಲ್ಲಿ ಬಂದು ಕಣ್ಣು ಮುಚ್ಚಿದರೆ ಎಲ್ಲರಿಗೂ ಕೆಂಪು ಕಾಣುತ್ತದೆ. ನನಗೆ ಹಸಿರು ಕಾಣತೊಡಗಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಏನೂ ಇಲ್ಲ ಅಂದರು.

ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ವಾರವಿಡೀ ಸುರಿಯಿತು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿ ಹರಿಯುತ್ತಿದೆ ಎಂದು ಫೋನಿನಲ್ಲಿ ವೀಡಿಯೋ ಬಂತು, ಸೇತುವೆಯ ಕೆಳಗೆ ಕೆಂಪು ನೀರು. ಮಾರನೇ ಬೆಳಿಗ್ಗೆಯೇ ಪೆಟ್ಟಿಗೆ ತೆಗೆದುಕೊಂಡು ಹೊರಟೆ.

ಒಂದು ಕೆಲಸ ಉಳಿದಿತ್ತು. ಕೋಠಿಯಲ್ಲಿ ತಿರಸ್ಕರಿಸಿದ್ದನ್ನು ತೂಕ ಹಾಕದೆ ನಾಶ ಮಾಡುವಂತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಬೇಕು, ನಡುವೆ ಸಮಯವಿತ್ತು. ಬಜಾರಿನಲ್ಲಿ ಹರಳು ಕೂರಿಸುವ ಒಬ್ಬ ಹಿರಿಯ ಸಾಹೇಬರ ಅಂಗಡಿಗೆ ಹೋದೆ. ಮೂರು ತಲೆಮಾರಿನಿಂದ ಅದೇ ಕೆಲಸ, ಅದೇ ಗೂಡಿನಂಥ ಅಂಗಡಿ.

“ಇದರ ತೂಕ ಬೇಕಿತ್ತು.”

“ಮಾರ್ತೀರಾ ಅಮ್ಮಾ?”

“ಇಲ್ಲ. ಹೊಳೆಗೆ ಹಾಕ್ತೀನಿ.”

“ಹೊಳೇಗೆ ಹಾಕೋಕೆ ತೂಕ ಯಾಕಮ್ಮಾ? ಮೀನು ಕೇಳ್ತಾವಾ?”

ನಗುತ್ತಲೇ ಕಲ್ಲನ್ನು ಚಿಮುಟದಲ್ಲಿ ಎತ್ತಿ, ಕಣ್ಣಿಗೆ ಗಾಜು ಇಟ್ಟುಕೊಂಡರು. ನಗು ನಿಂತಿತು. ಬಾಗಿಲ ಬೆಳಕಿಗೆ ತಿರುಗಿದರು.

“ಯಾಕೆ ಹಾಕ್ತೀರಿ ಹೊಳೇಗೆ?”

“ದೋಷದ ಕಲ್ಲು.”

“ಯಾರು ಹೇಳಿದ್ದು?”

“ತಿಳಿದವರೇ ಹೇಳಿದ್ದು.”

“ತಿಳಿದವರು ಅಂದ್ರೆ?”

“ನಾನೇ. ಚಿಟ್ಟೆ ಪರೀಕ್ಷೆ ಮಾಡ್ತಿದ್ದೆ, ಬಿತ್ತನೆ ಕೋಠೀಲಿ. ಮಿಷನ್ನಿನ ಕೆಳಗೆ ನೋಡಿದೀನಿ. ಒಳಗೆಲ್ಲಾ ಬಿರುಕು, ಚುಕ್ಕೆ.”

ಸಾಹೇಬರು ಗಾಜು ತೆಗೆದು ನನ್ನನ್ನೇ ನೋಡಿದರು. “ಅಮ್ಮಾ, ನಿಮ್ಮದು ಹುಳದ ಲೆಕ್ಕ. ಇದು ಹುಳ ಅಲ್ಲ, ಪನ್ನಾ, ನೀವು ಪಚ್ಚೆ ಅಂತೀರಲ್ಲ ಅದು. ಈ ಬಿರುಕು, ಚುಕ್ಕೆಗೇ ನಾವು ತೋಟ ಅನ್ನೋದು, ಒಳಗಡೆ ತೋಟ ಇಲ್ದೆ ಪನ್ನಾ ಹುಟ್ಟೋದೇ ಇಲ್ಲ. ಬೆಟ್ಟದ ಒಳಗೆ ಬೆಂಕಿ, ನೀರು, ಒತ್ತಡ ಎಲ್ಲಾ ತಿಂದು ಬೆಳೆದಿರುತ್ತೆ. ಗಾಯ ಇಲ್ದೆ ಇರುತ್ತಾ? ನಮ್ಮ ಅಬ್ಬಾಜಾನ್ ಮೊದಲನೇ ದಿನ ಕಲಿಸಿದ್ದೇ ಅದು, ತೋಟ ಹುಡುಕು ಅಂತ. ಪೂರಾ ಕ್ಲೀನಾಗಿದ್ರೆ ಕೈ ಬಿಟ್ಟುಬಿಡು. ಗಾಜು.”

ಅಕ್ಕನ ಬೆರಳಲ್ಲಿ ಈಗಿರುವ, ಚುಕ್ಕೆಯೇ ಇಲ್ಲದ ಕಲ್ಲು ನೆನಪಾಯಿತು.

“ಆದ್ರೆ ಇಷ್ಟು ಬೆಳ್ಳಗೆ ಕಾಣಬಾರದು ಬಿರುಕು,” ಎಂದು ಅವರೇ ಮುಂದುವರಿಸಿದರು. “ಹಳೇ ಕಲ್ಲು, ಎಣ್ಣೆ ಕುಡಿದಿರಬೇಕಾಗಿತ್ತು. ಪನ್ನಾಗೆ ಯಾವಾಗ್ಲೂ ಎಣ್ಣೆ ಕುಡಿಸಿರ್ತಾರೆ, ಬಿರುಕು ಮುಚ್ಚೋಕೆ. ಯಾರೋ ಇದನ್ನ ಬಿಸಿನೀರಲ್ಲೋ ಸ್ಪಿರಿಟ್‌ನಲ್ಲೋ ಹಾಕಿದಾರೆ. ಎಲ್ಲಾ ಎದ್ದು ಹೋಗಿದೆ.”

ಹತ್ತಿಗೆ ಹತ್ತಿದ ಆ ಜಿಡ್ಡು ಕಣ್ಣಿಗೆ ಕಟ್ಟಿತು. ನಾನು ಕಂಡ ಬಿರುಕುಗಳಲ್ಲಿ ಅರ್ಧವನ್ನು ಎಬ್ಬಿಸಿದವಳು ನಾನೇ, ಊಟ ಮಾಡುತ್ತಾ, ಅಕ್ಕನನ್ನು ಎದುರಿಗೆ ಕೂರಿಸಿಕೊಂಡು.

ಸಾಹೇಬರು ಒಂದು ಚಿಕ್ಕ ಬಟ್ಟಲಿನಲ್ಲಿ ಎಣ್ಣೆ ಸುರಿದು ಕಲ್ಲನ್ನು ಮುಳುಗಿಸಿದರು, ದೀಪದ ಹತ್ತಿರ ಹದವಾದ ಕಾವಿಗೆ ಇಟ್ಟರು. ಬಸ್ಸು ಹೋಗಲಿ, ಕೂತಿರಿ ಅಂದರು. ನನ್ನ ಜೀವನದಲ್ಲಿ ಸುಮ್ಮನೆ ಕೂತು ಬಸ್ಸು ತಪ್ಪಿಸಿಕೊಂಡದ್ದು ಅದೇ ಮೊದಲು. ಅಕ್ಕನ ಉಂಗುರದ, ಭಾವನ ಸಾವಿನ ಕತೆಯನ್ನು ಅವರಿಗೆ ಹೇಳಿದೆ. ಅವರು ಬೇರೆ ಕೆಲಸ ಮಾಡುತ್ತಾ ಮಾತಾಡಿದರು. ನಮ್ಮ ಹಳೇ ಮನೆಗಳಲ್ಲಿರುವ ಒಳ್ಳೆಯ ಪಚ್ಚೆಗಳು ಬಹಳಷ್ಟು ಈ ದೇಶದವೇ ಅಲ್ಲವಂತೆ. ಸಮುದ್ರದಾಚೆ, ಭೂಮಿಯ ಇನ್ನೊಂದು ಮಗ್ಗುಲಿನ ಬೆಟ್ಟಗಳಲ್ಲಿ ಅಗೆದು, ಹಡಗಿನಲ್ಲಿ ಗೋವೆಗೆ ತಂದು, ಅಲ್ಲಿಂದ ಸುಲ್ತಾನರ, ರಾಜರ ಕೈಗೆ ಸೇರಿದವು. ಅಗೆದವರು ಅಲ್ಲೇ ಗಣಿಯಲ್ಲಿ ಸತ್ತರು, ಅಡವಿಟ್ಟವರು ಇಲ್ಲಿ ಸತ್ತರು, ಕಲ್ಲು ಕೈಯಿಂದ ಕೈಗೆ ನಡೆಯಿತು. “ನಿಮ್ಮ ಅಕ್ಕಂದು ಹನ್ನೆರಡನೇ ಕೈಯೋ ಇಪ್ಪತ್ತನೇ ಕೈಯೋ ಯಾರಿಗೆ ಗೊತ್ತು? ಎಷ್ಟು ಜನ ಗಂಡಂದ್ರು ಹೋಗಿರ್ತಾರೆ, ಎಲ್ಲಾ ಇದರ ಮೇಲೆ ಹಾಕೋದಾ?”

ಒಂದು ಗಂಟೆ ಕಳೆದ ಮೇಲೆ ಕಲ್ಲನ್ನು ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟರು, ಕಣ್ಣಿಗೆ ಗಾಜು ಕೊಟ್ಟರು. ಬಿಳಿ ನೂಲುಗಳು ಬಹುಪಾಲು ಕಾಣೆಯಾಗಿದ್ದವು. ಹಿತ್ತಲು ಹಾಗೇ ಇತ್ತು, ಇನ್ನೂ ಆಳವಾಗಿ, ಇನ್ನೂ ಹಸಿರಾಗಿ. ಅದನ್ನು ಕಂಡು ನನಗೆ ಸಮಾಧಾನವಾಗಬೇಕಿತ್ತು. ಗಾಜನ್ನು ಸಾಹೇಬರಿಗೆ ಮರಳಿ ಕೊಟ್ಟುಬಿಟ್ಟೆ.

ತೂಕದ ಚೀಟಿ ಬರೆದುಕೊಟ್ಟರು. ಬಿಸಿನೀರು ಬೇಡ, ಸೋಪು ಬೇಡ, ಬಡಿಯಬೇಡಿ, ವಜ್ರದ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಗೀಚಿಹೋಗುತ್ತೆ. ಒದ್ದೆ ಬಟ್ಟೆ, ಒಣ ಬಟ್ಟೆ, ಅಷ್ಟೇ ಸಾಕು ಅಂದರು. ಮನೆಗೆ ಬಂದು ನನ್ನ ಒಡವೆಗಳನ್ನೆಲ್ಲ ಬಿಡಿಬಿಡಿಯಾಗಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಕೆಂಪಿನ ಓಲೆ ಗಟ್ಟಿ, ತಡೆದುಕೊಳ್ಳುತ್ತದೆ. ಮುತ್ತು, ಹವಳ ಹುಳಿಗೂ ಬೆವರಿಗೂ ಸೊರಗುತ್ತವೆ. ಮೂವತ್ತು ವರ್ಷ ಎಲ್ಲವನ್ನೂ ಒಂದೇ ಬಿಸಿನೀರಿನಲ್ಲಿ ಹಾಕಿ ತಿಕ್ಕಿದ್ದೆ, ಚೊಕ್ಕಟ ಎಂದುಕೊಂಡು.

ಗೌರಿಬಿದನೂರಿಗೆ ಹೋಗಲಿಲ್ಲ. ನಾಲ್ಕು ದಿನ ಹರಿದು ಹೊಳೆ ನಿಂತಿತು.

ಅಕ್ಕನಿಗೆ ಹೇಳಬೇಕು. ಅದು ಸ್ಪಷ್ಟವಿತ್ತು. ಆದರೆ ಏನೆಂದು? ಕಲ್ಲು ಒಳ್ಳೆಯದೇ ಆಗಿತ್ತು ಅಂದರೆ ಅವಳ ಕೈಯ ಮೇಲಿನ ಅಪವಾದ ಹೋಗುತ್ತದೆ. ಹೋಗಿ ಎಲ್ಲಿಗೆ ಬರುತ್ತದೆ? ಒಳ್ಳೆಯ ಕಲ್ಲನ್ನು ಬೆರಳಿನಿಂದ ತೆಗೆದೆ, ತೆಗೆದ ಐವತ್ತನೇ ದಿನಕ್ಕೆ ಗಂಡ ಹೋದ. ಇದು ಮೊದಲಿನದಕ್ಕಿಂತ ಹರಿತ. ಕಲ್ಲಿಗೂ ಕಿಡ್ನಿಗೂ ಸಂಬಂಧವಿಲ್ಲ ಎಂದು ನಾನು ನೂರು ಸಲ ಹೇಳಬಹುದು, ಅವಳ ಲೆಕ್ಕದಲ್ಲಿ ಸಂಬಂಧವಿದೆ. ಆ ಲೆಕ್ಕದಲ್ಲಿ ಯಾರಾದರೂ ಒಬ್ಬರು ಕಾರಣ ಆಗಲೇಬೇಕು. ಮೂರು ತಿಂಗಳು ಹೇಳದೆ ಕಳೆದೆ. ಬೇಡವೆಂದಲ್ಲ, ದಾರಿ ಕಾಣಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳು ಬಾಣಂತನಕ್ಕೆ ಚಿಂತಾಮಣಿಗೆ ಬಂದಳು. ಹೆಣ್ಣು ಕೂಸು. ಹದಿನೈದು ದಿನಕ್ಕೆ ನನಗೆ ಫೋನು ಮಾಡಿ ಅತ್ತಳು.

“ಅಮ್ಮ ಪಾಪೂನ ಮುಟ್ಟೋದೇ ಇಲ್ಲ ಚಿಕ್ಕಮ್ಮ. ಅಡಿಗೆ ಮಾಡ್ತಾರೆ, ಬಟ್ಟೆ ಒಗೀತಾರೆ, ಬಾಗಿಲಲ್ಲಿ ನಿಂತ್ಕೊಂಡು ನೋಡ್ತಾರೆ ಅಷ್ಟೆ. ನಿನ್ನೆ ನಾನು ಸ್ನಾನಕ್ಕೆ ಹೋಗಿದ್ದೆ, ಪಾಪು ಕಿರುಚ್ತಾ ಇತ್ತು, ಅವರು ಪಕ್ಕದಲ್ಲೇ ನಿಂತ್ಕೊಂಡು ಅಳ್ತಾ ಇದ್ರು. ಎತ್ತಲಿಲ್ಲ. ನನ್ನ ಮಗು ಅಂದ್ರೆ ಅಷ್ಟು ಬೇಡವಾಗಿದ್ಯಾ ಅವರಿಗೆ?”

ಮಾರನೇ ದಿನ ಹನ್ನೊಂದು ಗಂಟೆಗೆ ಚಿಂತಾಮಣಿಯಲ್ಲಿದ್ದೆ. ಮಗಳು ಬಚ್ಚಲಲ್ಲಿ, ಕೂಸು ತೊಟ್ಟಿಲಲ್ಲಿ ಮಲಗಿತ್ತು. ಅಕ್ಕ ಅಡಿಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎದುರು ಕೂತೆ.

“ಅಕ್ಕ, ನಿನ್ನ ಉಂಗುರದ ಕಲ್ಲಲ್ಲಿ ದೋಷ ಇರ್ಲಿಲ್ಲ.”

“ಯಾವ ಕಲ್ಲು?” ಗೊತ್ತಿದ್ದೇ ಕೇಳಿದಳು.

ಕಲ್ಲನ್ನು ತೆಗೆದು ನೆಲದ ಮೇಲೆ, ಬೆಳ್ಳುಳ್ಳಿ ತಟ್ಟೆಯ ಪಕ್ಕದಲ್ಲಿ ಇಟ್ಟೆ. ಅವಳು ಹಿಂದಕ್ಕೆ ಸರಿದಳು.

“ನೀರಿಗೆ ಬಿಟ್ಟೆ ಅಂದಿದ್ದೆ!”

“ಬಿಡ್ತೀನಿ ಅಂದಿದ್ದೆ. ಬಿಟ್ಟೆ ಅಂದಿರ್ಲಿಲ್ಲ.”

“ನಿನ್ನ ಪಾಠ ನನಗೆ ಬೇಡ. ಹನ್ನೆರಡು ವರ್ಷ ಇಟ್ಕೊಂಡಿದ್ಯಾ ಇದನ್ನ?”

ಸಾಹೇಬರು ಹೇಳಿದ್ದನ್ನು ಹೇಳಿದೆ, ತೋಟದ ವಿಷಯ, ಎಣ್ಣೆಯ ವಿಷಯ, ಸ್ಪಿರಿಟ್ಟಿನ ವಿಷಯ, ಯಾವುದನ್ನೂ ಬಿಡದೆ. ಅಕ್ಕನ ಕೈ ನಿಂತಿತು. ನಾನು ಹೆದರಿದ್ದ ಕಡೆಗೇ ಅವಳ ಯೋಚನೆ ಹೋಗುತ್ತಿರುವುದು ಮುಖದಲ್ಲಿ ಕಂಡಿತು.

“ಹಂಗಾದ್ರೆ ಒಳ್ಳೇ ಕಲ್ಲನ್ನ ತೆಗೆದುಬಿಟ್ಟೆ ನಾನು. ಅದೇ ಕಾಯ್ತಾ ಇತ್ತೋ ಏನೋ ಅವರನ್ನ. ತೆಗೆದು ಐವತ್ತು ದಿನ...”

“ನೀನು ತೆಗೀಲಿಲ್ಲ. ನಾನು ತೆಗೆಸಿದೆ.”

“ನನ್ನ ಬೆರಳು ಕಣೇ.”

“ನೀನು ಕೇಳಿದೆ, ನಾನು ಹೇಳಿದೆ. ಕಣ್ಣು ನಂದು, ಮಾತು ನಂದು, ಸ್ಪಿರಿಟ್‌ನಲ್ಲಿ ಅದ್ದಿದ ಕೈ ನಂದು. ಹುಳ ನೋಡೋ ಬುದ್ಧೀಲಿ ಕಲ್ಲು ನೋಡಿದೆ. ಕಾರಣ ಬೇಕು ಅಂದ್ರೆ ನಾನು. ನೀನಲ್ಲ.”

ಭಾವನ ಕಿಡ್ನಿಯ ವಿಷಯ ಬಾಯಿಯವರೆಗೆ ಬಂತು. ತಡೆದುಕೊಂಡೆ. ಅಕ್ಕ ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳನ್ನು ತಟ್ಟೆಗೆ ಹಾಕಿದಳು. ಅವಳು ‘ಹೋಗಲಿ ಬಿಡೇ’ ಅನ್ನಬಹುದು ಎಂದು ನನ್ನೊಳಗೆ ಒಂದು ಆಸೆ ಇತ್ತು ಎಂದು ಆಗ ಗೊತ್ತಾಯಿತು.

“ಹಂಗಾದ್ರೆ ನಿನ್ನಿಂದ,” ಎಂದಳು.

“ಹೂಂ. ನನ್ನಿಂದ.”

ಕೂಸು ಎದ್ದು ಅಳತೊಡಗಿತು. ಬಚ್ಚಲಲ್ಲಿ ನೀರಿನ ಸದ್ದು. ಅಕ್ಕ ತೊಟ್ಟಿಲಿನ ಕಡೆ ನೋಡಿದಳು, ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಎದ್ದಳು. ನಲ್ಲಿಯಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಬೆಳ್ಳುಳ್ಳಿ ವಾಸನೆ ಹೋಯಿತೇ ಎಂದು ಮೂಸಿ, ಮತ್ತೆ ತೊಳೆದಳು. ಉಂಗುರ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹೋಗಿ ತೊಟ್ಟಿಲಿಗೆ ಬಗ್ಗಿದಳು. ಕೂಸಿನ ಕತ್ತಿನ ಕೆಳಗೆ ಕೈ ಹೇಗೆ ಕೊಡಬೇಕೆಂಬುದು ಮರೆತಿರಲಿಲ್ಲ. ಎದೆಗೆ ಒತ್ತಿಕೊಂಡಾಗ ಅವಳ ಬಾಯಿಂದ ಒಂದು ಸದ್ದು ಬಂತು, ಅಳುವಲ್ಲ, ಭಾರ ಇಳಿಸಿದಾಗ ಬರುವಂಥದ್ದು.

ಕೂಸಿನ ಕಾಲಿನಿಂದ ಬಟ್ಟೆ ಜಾರುತ್ತಿತ್ತು. ಸರಿಮಾಡಲೆಂದು ನಾನು ಕೈ ಚಾಚಿದೆ. ಅಕ್ಕ ಹೆಗಲು ತಿರುಗಿಸಿ ಕೂಸನ್ನು ಆ ಕಡೆಗೆ ಮಾಡಿಕೊಂಡಳು. ಬೇಕೆಂದು ಮಾಡಿದ್ದಲ್ಲ. ಬಿಸಿ ಪಾತ್ರೆಯಿಂದ ಮಗುವನ್ನು ಸರಿಸುತ್ತೇವಲ್ಲ, ಹಾಗೆ, ಯೋಚಿಸದೆ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಕಲ್ಲನ್ನು ಏನು ಮಾಡಲಿ ಎಂದು ಹೊರಡುವಾಗ ಕೇಳಿದೆ. “ನೀನೇ ಇಟ್ಕೋ,” ಅಂದಳು.

ಈಗ ಹದಿನೈದು ದಿನಕ್ಕೊಂದು ಭಾನುವಾರ ಹೋಗಿ ಬರುತ್ತೇನೆ. ಮಗಳು ಮೂರು ತಿಂಗಳೆಂದು ಬಂದವಳು ಇನ್ನೂ ಅಲ್ಲೇ ಇದ್ದಾಳೆ, ಅಮ್ಮ ಮಗುವನ್ನು ಬಿಟ್ಟುಕೊಡುವುದಿಲ್ಲವಂತೆ. ಅಕ್ಕ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ, ತೊಡೆಯ ಮೇಲೆ ಮಲಗಿಸಿಕೊಂಡು ರಾಗಿ ಸರಿ ತಿನ್ನಿಸುತ್ತಾಳೆ, ಬೀದಿಯ ಜನಕ್ಕೆಲ್ಲ ಎತ್ತಿ ತೋರಿಸುತ್ತಾಳೆ. ನನ್ನ ಜೊತೆ ಮಾತು ಇದೆ. ಊಟಕ್ಕೆ ಕರೆಯುತ್ತಾಳೆ, ಮಂಡಿನೋವು ಹೇಗಿದೆ ಎಂದು ಕೇಳುತ್ತಾಳೆ. ಕೂಸು ಅವಳ ಕಂಕುಳಲ್ಲಿದ್ದಾಗ ಮಾತ್ರ ನನ್ನ ಕೈಗಳು ಎಲ್ಲಿವೆ ಎಂದು ಅವಳ ಕಣ್ಣು ನೋಡಿಕೊಳ್ಳುತ್ತದೆ.

ನಾನು ಇಂಥದ್ದನ್ನು ನಂಬುವವಳಲ್ಲ. ಭಾವ ಕಿಡ್ನಿಯಿಂದ ಸತ್ತರು, ವರದಿಗಳನ್ನು ನಾನೇ ಓದಿದ್ದೇನೆ. ಆದರೂ ಬಸ್ಸಿನಲ್ಲಿ ಪಕ್ಕದವರು ಒಂದು ನಿಮಿಷ ಹಿಡಿದುಕೊಳ್ಳಿ ಎಂದು ಮಗು ಕೊಡಲು ಬಂದರೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತೇನೆ.

ಹೋದ ಭಾನುವಾರ ಮಗಳು ಕೂಸನ್ನು ತಂದು ನನ್ನ ಮುಂದೆ ಹಿಡಿದಳು. ಏಳು ತಿಂಗಳು ತುಂಬಿದೆ, ಎರಡು ಹಲ್ಲು. ಕೂಸು ನನ್ನ ಕನ್ನಡಕಕ್ಕೆ ಕೈ ಚಾಚಿತು.

“ಎತ್ಕೊಳ್ಳಿ ಚಿಕ್ಕಮ್ಮ, ನಿಮ್ಮ ಹತ್ರ ಬರಬೇಕಂತೆ.”

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ನನ್ನ ಕೈಗಳ ಮೇಲಿತ್ತು.

“ಬೇಡ ಕಣಮ್ಮ, ನನಗೆ ನೆಗಡಿ,” ಅಂದೆ.

“ಪ್ರತೀ ಸಲ ನಿಮಗೆ ನೆಗಡೀನಾ? ಬಂದಾಗಲೆಲ್ಲ ಇದೇ ಆಯ್ತು. ಇರಿ, ಮೆಣಸಿನ ಕಷಾಯ ಮಾಡ್ಕೊಡ್ತೀನಿ.”

ಅಕ್ಕ ಬಂದು ಕೂಸನ್ನು ತೆಗೆದುಕೊಂಡು ಹಿತ್ತಲ ಬಿಸಿಲಿಗೆ ಹೋದಳು. ಮಗಳು ಕಷಾಯ ತಂದಿಟ್ಟಳು. ಬಿಸಿಯಿತ್ತು, ಖಾರವಿತ್ತು. ನೆಗಡಿ ಇದ್ದವಳ ಹಾಗೆ ಪೂರ್ತಿ ಕುಡಿದೆ.